ಓದುಗರು ಕೇಳಿದ್ದು: ಗಂಜಿ ಹೋದ ಮೇಲೆ ಬಣ್ಣ ಬಯಲು

ಪ್ರಶ್ನೆ: 1700ರ ಆಸುಪಾಸಿನಲ್ಲಿ ಹಡಗು ಹತ್ತುತ್ತಿದ್ದ ಬಟ್ಟೆಗೆ ಬೆಲೆ ಕಟ್ಟುತ್ತಿದ್ದುದು ಹೇಗೆ? ನಮ್ಮ ಕೊಡಗಿಗೂ ಆ ವ್ಯಾಪಾರಕ್ಕೂ ನಂಟಿತ್ತೇ? (ಓದುಗರು, ವಿರಾಜಪೇಟೆ)

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಕೊಡಗಿನಲ್ಲಿ ರಾಜ ದೊಡ್ಡವೀರಪ್ಪ ಆಳುತ್ತಿದ್ದಾಗ ಘಟ್ಟದ ಕೆಳಗೆ, ತಲಚೇರಿಯಲ್ಲಿ, ಇಂಗ್ಲಿಷ್ ಕಂಪನಿ ಬೀಡುಬಿಟ್ಟದ್ದು ಮುಖ್ಯವಾಗಿ ಕರಿಮೆಣಸು, ಏಲಕ್ಕಿಯ ಆಸೆಗೆ. ಬಟ್ಟೆಯ ದೊಡ್ಡ ವ್ಯಾಪಾರವೆಲ್ಲ ಕೋರಮಂಡಲ ಕರಾವಳಿ, ಗುಜರಾತ್, ಬಂಗಾಳದ ಕಡೆಗಿತ್ತು.

ಮದರಾಸಿನ ಪದ್ಧತಿ ನೋಡಿ. ಕಂಪನಿ ದೊಡ್ಡ ವರ್ತಕರ ಜೊತೆ ಕರಾರು ಮಾಡಿಕೊಂಡು ಮುಂಗಡ ಕೊಡುತ್ತಿತ್ತು. ಆ ಹಣ ದಲ್ಲಾಳಿಗಳ ಕೈದಾಟಿ ನೇಕಾರನಿಗೆ ಬರುತ್ತಿತ್ತು. ನೂಲು, ಅಕ್ಕಿ ಎರಡನ್ನೂ ಆತ ಅದರಲ್ಲೇ ಕೊಳ್ಳಬೇಕು. ದರ 20 ತಾನಿಗೆ (ತಾನು ಎಂದರೆ ನೇಯ್ದ ಒಂದು ಇಡೀ ತುಂಡು) ಇಷ್ಟು ವರಹ ಎಂದು; ಈ 20ರ ಲೆಕ್ಕಕ್ಕೆ ‘ಕೋರ್ಜ್’ ಎನ್ನುತ್ತಿದ್ದರು. ಬಂದ ಮಾಲನ್ನು ಮೊದಲೇ ಒಪ್ಪಿದ ಮಾದರಿಯ ಪಕ್ಕ ಹಾಸಿ ದರ್ಜೆ ಮಾಡುವುದು, ತೀರಾ ಕಳಪೆಯಾದದ್ದನ್ನು ಹಿಂದಕ್ಕೆ ಕಳಿಸುವುದು. ಜಗಳ ಹುಟ್ಟುತ್ತಿದ್ದುದು ಇಲ್ಲೇ.

ತೆಲುಗು ಸೀಮೆಯಲ್ಲಿ ನೇಯ್ಗೆಯ ಒತ್ತನ್ನು ಪುಂಜಂ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಪುಂಜಂ ಎಂದರೆ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, 120 ಎಳೆ. 18 ಪುಂಜಂ ಬಟ್ಟೆಯಲ್ಲಿ 2160 ಎಳೆ. ಅಗಲ 36 ಇಂಚಾದರೆ ಇಂಚಿಗೆ 60. ಅದೇ ಅಗಲದಲ್ಲಿ 14 ಪುಂಜಂ ನೇಯ್ದರೆ ಇಂಚಿಗೆ 47 ಕೂಡ ಬಾರದು. ಮಗ್ಗದಿಂದ ಇಳಿದ ಬಟ್ಟೆ ಗಂಜಿ ಕುಡಿದು ಬಿಗಿಯಾಗಿರುವಾಗ ಈ ಕೊರತೆ ಕೈಗೆ ಸಿಗುವುದಿಲ್ಲ. ಅಗಸರು ಒಗೆದು ಬಿಸಿಲಿಗೆ ಹಾಕಿದ ಮೇಲೆ ಬೆಳಕಿಗೆ ಹಿಡಿದರೆ ಜರಡಿ! ಕಂಪನಿಯವರು ಇದನ್ನು ಮೋಸ ಎನ್ನುತ್ತಿದ್ದರು. ಆದರೆ ಕರಾರಿನ ದರ ನಿಂತಲ್ಲೇ ನಿಂತು ಅಕ್ಕಿ, ಹತ್ತಿಯ ಬೆಲೆ ಏರಿದಾಗ ನೇಕಾರನ ಕೈಯಲ್ಲಿ ಕಡಿಮೆ ಮಾಡಲು ಉಳಿದಿದ್ದುದು ಎಳೆಯೊಂದೇ, ಅದನ್ನೂ ನೆನಪಿಡಬೇಕು.

ಪಿಂಡಿ ಕಟ್ಟುವಾಗ ತೇವ ಉಳಿದರೆ ಕೆಟ್ಟಿತು. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಗಂಜಿ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟ ಯಾವ ಕೊಡಗಿನವರಿಗೂ ಬೂಷ್ಟಿನ ಬಗ್ಗೆ ಹೇಳಬೇಕಾಗಿಲ್ಲ. ಅದಕ್ಕೇ ಹೊರಗೆ ಮೇಣಬಟ್ಟೆಯ ಹೊದಿಕೆ. ಮದರಾಸಿನಲ್ಲಿ ಆಗ ಬಂದರು ಕಟ್ಟೆಯಿರಲಿಲ್ಲ; ತೆಂಗಿನ ನಾರಿನಿಂದ ಹಲಗೆ ಹೊಲಿದ ಮಸೂಲ ದೋಣಿಗಳಲ್ಲಿ ಪಿಂಡಿಗಳು ಅಲೆ ದಾಟಿ ಹಡಗು ಸೇರಬೇಕಿತ್ತು. ಅಕ್ಟೋಬರ್‌ನಲ್ಲಿ ಅಲ್ಲಿ ಹಿಂಗಾರಿನ ಬಿರುಗಾಳಿ ಶುರು. ಒಗೆತ ತಡವಾಯಿತೆಂದರೆ ಹಡಗು ಕಾಯುವುದಿಲ್ಲ, ಮಾಲು ಗೋದಾಮಿನಲ್ಲೇ ಉಳಿಯಿತು.

ಪ್ರಶ್ನೆ: ಇಂಗ್ಲೆಂಡ್ ನಮ್ಮ ಬಟ್ಟೆಯನ್ನು ನಿಷೇಧಿಸಿದ್ದು ನಿಜವೇ? (ಓದುಗರು, ಸೋಮವಾರಪೇಟೆ)

ಉತ್ತರ: ನಿಜ, ಎರಡು ಕಂತಿನಲ್ಲಿ. 1700ರ ಕಾಯ್ದೆ ಬಣ್ಣದ ಚಿತ್ತಾರದ ಬಟ್ಟೆ ಅಲ್ಲಿ ಬಳಕೆಗೆ ಬಾರದಂತೆ ತಡೆಯಿತು. ಬಿಳಿ ಬಟ್ಟೆ ತರಿಸಿ ಲಂಡನ್ನಿನಲ್ಲೇ ಅಚ್ಚು ಹಾಕುವವರು ಹುಟ್ಟಿಕೊಂಡರು. ರೇಷ್ಮೆ, ಉಣ್ಣೆ ನೇಕಾರರು 1719ರಲ್ಲಿ ಬೀದಿಗಿಳಿದರು, ಅಚ್ಚಿನ ಬಟ್ಟೆ ಉಟ್ಟ ಹೆಂಗಸರ ಉಡುಪನ್ನೇ ಹರಿದರು. 1721ರ ಕಾಯ್ದೆ ಅಚ್ಚಿನ ಹತ್ತಿಬಟ್ಟೆ ಉಡುವುದನ್ನೇ ನಿಲ್ಲಿಸಿತು. ತೆಳು ಹತ್ತಿಬಟ್ಟೆಯಾದ ಮಸ್ಲಿನ್ನಿಗೂ ಪೂರಾ ನೀಲಿ ಅದ್ದಿದ ಬಟ್ಟೆಗೂ ವಿನಾಯಿತಿ ಇತ್ತು. ಚಿತ್ತಾರದ ಮಾಲು ಲಂಡನ್ನಿನ ಗೋದಾಮಿಗೆ ಬಂದು ಅಲ್ಲಿಂದಲೇ ಬೇರೆ ದೇಶಗಳಿಗೆ ಹೋಗಲು ಅಡ್ಡಿಯಿರಲಿಲ್ಲ.