ಕರ್ಪೂರ ತುಳಸಿ: ಬೆಳೆಯುವುದು, ಒಣಗಿಸುವುದು, ಬಳಸುವುದು

ಕರ್ಪೂರ ತುಳಸಿಯ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚು ಜನರಿಗೆ ಬೇಕಾದವನ್ನು ಆರಿಸಿ ಉತ್ತರಿಸಿದ್ದೇವೆ.

ಒಂದು ನರ್ಸರಿಯವರು ಕೊಟ್ಟ ಗಿಡದ ಎಲೆ ದಪ್ಪಗಿದೆ, ಇನ್ನೊಂದು ನರ್ಸರಿಯದು ಬೂದು ಬಣ್ಣದ ತೆಳು ಎಲೆ. ಇಬ್ಬರೂ ಕರ್ಪೂರದ ಗಿಡ ಎನ್ನುತ್ತಾರೆ. ಯಾವುದನ್ನು ನಂಬುವುದು? (ಹಿರಿಯೂರು)

ಎರಡನೆಯದನ್ನು. ದಪ್ಪ, ರಸಭರಿತ, ಮುರಿದರೆ ಓಮದ ವಾಸನೆ ಬರುವ ಎಲೆ ದೊಡ್ಡಪತ್ರೆಯದು. ಅದನ್ನು ಕರ್ಪೂರವಳ್ಳಿ ಎಂದೂ ಮಾರುವುದರಿಂದ ಈ ಗೊಂದಲ. ತಂಬುಳಿಗೆ, ಬಜ್ಜಿಗೆ ಅದು ಚೆನ್ನ. ಆದರೆ ಇಲ್ಲಿ ಹೇಳುತ್ತಿರುವ ಕೆಲಸಗಳಿಗೆ ಬದಲಿಯಲ್ಲ.

ಕರ್ಪೂರ ತುಳಸಿ ಪೂರ್ವ ಆಫ್ರಿಕಾದ ಕಾಡುಗಿಡ. ಕೀನ್ಯಾ, ಟಾಂಜಾನಿಯಾ, ಉಗಾಂಡ, ಇಥಿಯೋಪಿಯಾಗಳಲ್ಲಿ ತಾನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಓಸಿಮಮ್ ಕಿಲಿಮಂಡ್‌ಶಾರಿಕಮ್ ಎಂದು ಕಿಲಿಮಂಜಾರೋ ಪರ್ವತದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅಲ್ಲಿನವರು ನೆಗಡಿ, ಕೆಮ್ಮಿಗೆ ಎಲೆಯ ಆವಿ ತೆಗೆದುಕೊಳ್ಳುತ್ತಾರೆ, ಸೊಳ್ಳೆಗೆ ಹೊಗೆ ಹಾಕುತ್ತಾರೆ, ಕಾಳಿನ ಜೊತೆ ಒಣ ಎಲೆ ಬೆರೆಸಿಡುತ್ತಾರೆ. ಗುರುತು ಹಿಡಿಯುವುದು ಸುಲಭ: ಗಿಡ ಮೂರರಿಂದ ಐದು ಅಡಿ, ಬುಡ ಕಟ್ಟಿಗೆಯಂತೆ ಗಟ್ಟಿ, ಎಳೆಕಾಂಡ ಚೌಕ, ಎಲೆಯ ಮೇಲೆ ಸಣ್ಣ ರೋಮವಿದ್ದು ಬೂದುಹಸಿರಾಗಿ ಕಾಣುತ್ತದೆ. ಎಲೆ ಉಜ್ಜಿದ ಕೂಡಲೇ ಮೂಗಿಗೆ ನೇರ ಕರ್ಪೂರ ಹೊಡೆಯಬೇಕು. ಹೊಡೆಯದಿದ್ದರೆ ಆ ಗಿಡ ತರಬೇಡಿ.

ಬೀಜ ತಂದು ಸಸಿ ಮಾಡಿದೆ. ಒಂದು ಗಿಡಕ್ಕೆ ಕರ್ಪೂರದ ವಾಸನೆ, ಇನ್ನೊಂದಕ್ಕೆ ಲವಂಗದ್ದು, ಕೆಲವಕ್ಕೆ ವಾಸನೆಯೇ ಇಲ್ಲ. ಗೊಬ್ಬರ ಕಡಿಮೆಯಾಯಿತೇ? (ಜಗಳೂರು ತಾಲ್ಲೂಕು)

ಗೊಬ್ಬರದ ದೋಷವಲ್ಲ, ಬೀಜದ್ದು. ಈ ಜಾತಿಯೊಳಗೇ ಕರ್ಪೂರ ಹೆಚ್ಚಿರುವ ಬಗೆ, ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಹೆಚ್ಚಿರುವ ಬಗೆ, ಲವಂಗದ ಯುಜಿನಾಲ್ ಹೆಚ್ಚಿರುವ ಬಗೆ ಎಂದು ಬೇರೆ ಬೇರೆ ಇವೆ. ಸಾಲದ್ದಕ್ಕೆ ಜೇನುಹುಳು ಪರಾಗ ಬೆರೆಸುತ್ತವೆ. ಪಕ್ಕದಲ್ಲಿ ಕಾಮಕಸ್ತೂರಿ ಹೂ ಬಿಟ್ಟಿದ್ದರೆ ಅದರೊಂದಿಗೂ ಕೂಡಿಕೊಳ್ಳುತ್ತದೆ. 1983ರಲ್ಲಿ ಅಮೆರಿಕದ ಒಹಾಯೊದ ಒಂದು ನರ್ಸರಿಯಲ್ಲಿ ಈ ಎರಡರ ನಡುವೆ ತಾನಾಗಿ ಹುಟ್ಟಿದ ಮಿಶ್ರತಳಿಯೇ ಈಗ ‘ಆಫ್ರಿಕನ್ ಬ್ಲೂ’ ಎಂದು ಮಾರಾಟವಾಗುವ ಅಲಂಕಾರದ ಗಿಡ. ಅದರಲ್ಲಿ ಬೀಜ ಕಟ್ಟುವುದೇ ಇಲ್ಲ.

ಆದ್ದರಿಂದ ನಿಮ್ಮ ಮಡಿಯಲ್ಲಿ ಕರ್ಪೂರದ ಘಾಟು ಚೆನ್ನಾಗಿರುವ ಎರಡು-ಮೂರು ಗಿಡ ಆರಿಸಿ, ದಾರ ಕಟ್ಟಿ ಗುರುತಿಡಿ. ಉಳಿದವನ್ನು ಕಿತ್ತುಬಿಡಿ. ಮುಂದಿನ ಎಲ್ಲ ಗಿಡಗಳನ್ನೂ ಆ ತಾಯಿಗಿಡಗಳ ಕಡ್ಡಿಯಿಂದಲೇ ಮಾಡಿ.

ಕಡ್ಡಿ ಕತ್ತರಿಸುವಾಗ ತೀರಾ ಎಳೆಯ ತುದಿಯೂ ಬೇಡ, ಬುಡದ ಕಂದು ಕಟ್ಟಿಗೆಯೂ ಬೇಡ. ನಡುವಿನ, ಬಾಗಿಸಿದರೆ ಬಾಗಿ ಮತ್ತೆ ನೇರವಾಗುವ ಭಾಗ ಸರಿ. ಉದ್ದ 10ರಿಂದ 12 ಸೆಂ.ಮೀ. ಇರಲಿ, ತೆನೆ ಬಿಟ್ಟ ಕಡ್ಡಿ ಬೇಡ. ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ತುದಿಯಲ್ಲಿ ನಾಲ್ಕು ಎಲೆ ಸಾಕು, ದೊಡ್ಡವಿದ್ದರೆ ಅರ್ಧಕ್ಕೆ ಕತ್ತರಿಸಿ. ಅರ್ಧ ಮರಳು, ಅರ್ಧ ಕೋಕೋಪೀಟ್ ತುಂಬಿದ ಟ್ರೇ ಅಥವಾ ಕವರ್ ಒಳ್ಳೆಯದು. ಶೇ. 50ರ ನೆರಳುಪರದೆಯ ಕೆಳಗಿಟ್ಟರೆ ಎರಡು-ಮೂರು ವಾರದಲ್ಲಿ ಬೇರು ಬರುತ್ತದೆ. ಕಡ್ಡಿ ಬುಡದಿಂದ ಕಪ್ಪಾಗುತ್ತಾ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ. ದಿನಕ್ಕೆರಡು ಬಾರಿ ಎಲೆಗೆ ನೀರು ಚಿಮುಕಿಸಿ, ಮಣ್ಣನ್ನು ಮಾತ್ರ ಕೆಸರು ಮಾಡಬೇಡಿ. ಕಡ್ಡಿ ಸಿಗದೆ ಬೀಜವನ್ನೇ ಹಾಕಬೇಕಾದರೆ ಆಳಕ್ಕೆ ಹೂಳಬೇಡಿ. ಮೇಲೆ ಉದುರಿಸಿ ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಮುಚ್ಚಿದರೆ ಸಾಕು.

ನಮ್ಮದು ಎರೆ ಭೂಮಿ, ಭದ್ರಾ ನಾಲೆ ನೀರು. ಹಾಕಬಹುದೇ? (ಹರಿಹರ ತಾಲ್ಲೂಕು)

ಹಾಕಬಹುದು, ಆದರೆ ಸಪಾಟು ಮಡಿಯಲ್ಲಲ್ಲ. ನೀರು ನಿಂತರೆ ಬೇರು ಕೊಳೆತು ಗಿಡ ಒಂದೇ ವಾರದಲ್ಲಿ ಸೊರಗುತ್ತದೆ. ಒಂದು ಅಡಿ ಎತ್ತರದ ಏರುಮಡಿ ಮಾಡಿ, ಗುಂಟೆಗೆ ಒಂದೂವರೆ ಕ್ವಿಂಟಲ್‌ನಷ್ಟು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಗದ್ದೆಯ ಪಕ್ಕದ ಜೌಗು ಜಾಗವಾದರೆ ಬಿಟ್ಟುಬಿಡಿ. ಚಿತ್ರದುರ್ಗ ಕಡೆಯ ಕೆಂಪು ಗರಸು ಮಣ್ಣಿನಲ್ಲಿ ಈ ತೊಂದರೆಯಿಲ್ಲ. ಸಾಲಿಗೂ ಗಿಡಕ್ಕೂ ಎರಡೆರಡು ಅಡಿ ಬಿಟ್ಟರೆ ಗುಂಟೆಗೆ ಸುಮಾರು 270 ಗಿಡ ಹಿಡಿಯುತ್ತವೆ. ನಾಟಿಗೆ ಮೃಗಶಿರ, ಆರಿದ್ರಾ ಮಳೆಗಳ ಹದ ಒಳ್ಳೆಯದು. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೊಂದು ನೀರು ಸಾಕಾಗುತ್ತದೆ. ಯೂರಿಯಾ ಸುರಿದರೆ ಎಲೆ ಅಗಲವಾಗಿ ಗಿಡ ಸೊಂಪಾಗಿ ಕಾಣುತ್ತದೆ, ಜೊತೆಗೆ ಕೀಟವೂ ಹೆಚ್ಚುತ್ತದೆ. ನಮಗೆ ಬೇಕಾದದ್ದು ಎಲೆಯ ಗಾತ್ರವಲ್ಲ, ವಾಸನೆ.

ಬೋರ್‌ವೆಲ್ ನೀರು ಗಡಸು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದೆ. (ಚಳ್ಳಕೆರೆ ತಾಲ್ಲೂಕು)

ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದಂಶ ಹೆಚ್ಚಿರುವಲ್ಲಿ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಸಾಧ್ಯವಿದ್ದರೆ ಮಳೆನೀರಿನಲ್ಲಿ ಕಲಸಿ. ಹಳದಿಯ ಬದಲು ಎಲೆಯ ಮೇಲೆ ಬಿಳಿಚುಕ್ಕೆ ಎದ್ದು, ಮಗುಚಿದರೆ ಅಡಿಯಲ್ಲಿ ಕರಿ ಹಿಕ್ಕೆಯ ಚುಕ್ಕಿ ಕಂಡರೆ ಅದು ತುಳಸಿಗೆ ಬರುವ ಜಾಲರಿ ರೆಕ್ಕೆಯ ತಿಗಣೆ. ಲೀಟರ್‌ಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದಲ್ಲಿ ಕದಡಿ ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಹೊಡೆದ ಹತ್ತು ದಿನ ಸೊಪ್ಪು ಕೊಯ್ಯಬೇಡಿ.

ಯಾವಾಗ ಕೊಯ್ಯಬೇಕು? ಒಣಗಿಸಿದ ಮೇಲೆ ವಾಸನೆ ಉಳಿಯುತ್ತಿಲ್ಲ. (ಹೊಳಲ್ಕೆರೆ)

ನಾಟಿ ಮಾಡಿ ಮೂರು ತಿಂಗಳಾದ ಮೇಲೆ, ಹೂತೆನೆ ಅರಳಲು ಶುರುವಾದಾಗ ಮೊದಲ ಕೊಯ್ಲು. ಬೀಜ ಕಟ್ಟುವವರೆಗೆ ಬಿಟ್ಟರೆ ಕೆಳಗಿನ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ನೆಲದಿಂದ ಮುಕ್ಕಾಲು ಅಡಿ ಬಿಟ್ಟು, ಹಸಿರು ಎಲೆಯಿರುವ ಒಂದೆರಡು ರೆಂಬೆ ಉಳಿಸಿ ಸವರಿ. ಬುಡಕ್ಕೇ ಕತ್ತರಿಸಿದರೆ ಹಳೆಯ ಕಟ್ಟಿಗೆ ಚಿಗುರುವುದು ಅನುಮಾನ. ಹೀಗೆ ವರ್ಷಕ್ಕೆ ಮೂರು ಕೊಯ್ಲು ಸಿಗುತ್ತದೆ.

ವಾಸನೆ ಹೋಗುವುದಕ್ಕೆ ಕಾರಣ ಬಿಸಿಲು ಮತ್ತು ಪ್ಲಾಸ್ಟಿಕ್ ಕವರ್. ಕರ್ಪೂರ ಮನೆಯ ಸಾಮಾನ್ಯ ಶಾಖಕ್ಕೇ ಗಾಳಿಗೆ ಹಾರುವ ವಸ್ತು. ತಗಡಿನ ಮಾಡಿನ ಮೇಲೆ ಹರವಿದರೆ ಸಂಜೆಗೆ ಹುಲ್ಲು ಉಳಿಯುತ್ತದೆ ಅಷ್ಟೆ. ಗಾಳಿಯಾಡುವ ನೆರಳಿನಲ್ಲಿ ಗೋಣಿಚೀಲದ ಮೇಲೆ ಒಂದೇ ಪದರವಾಗಿ ಹರವಿ, ದಿನಕ್ಕೊಮ್ಮೆ ತಿರುವಿ. ನಾಲ್ಕರಿಂದ ಆರು ದಿನದಲ್ಲಿ, ಮಳೆಗಾಲದಲ್ಲಿ ಇನ್ನೂ ತಡವಾಗಿ, ಎಲೆ ಹಿಡಿದರೆ ಗರಿಗರಿಯಾಗಿ ಮುರಿಯುತ್ತದೆ. ಸುಮಾರು ಐದು ಕೆಜಿ ಹಸಿ ಎಲೆಗೆ ಒಂದು ಕೆಜಿ ಒಣ ಎಲೆ. ಪುಡಿ ಮಾಡದೆ ಇಡಿಯಾಗಿಯೇ ಗಾಜಿನ ಭರಣಿಗೋ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೋ ತುಂಬಿ. ಪುಡಿಯನ್ನು ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ.

ಮನೆ ಬಳಕೆಗೆ ಇಟ್ಟ ಮೆಕ್ಕೆಜೋಳಕ್ಕೆ ನುಸಿ ಬೀಳುತ್ತದೆ. ಈ ಎಲೆ ಹಾಕಿದರೆ ನಿಲ್ಲುತ್ತದೆಯೇ? (ದಾವಣಗೆರೆ ತಾಲ್ಲೂಕು)

ತಡೆಯುತ್ತದೆ, ಬಿದ್ದದ್ದನ್ನು ಬಿಡಿಸುವುದಿಲ್ಲ. ಕೀನ್ಯಾದಲ್ಲಿ ಮೂತಿಹುಳುವಿನ ಮೇಲೆ ಈ ಗಿಡದ ಎಲೆ, ಎಣ್ಣೆಗಳನ್ನು ಪರೀಕ್ಷಿಸಿದ್ದಾರೆ. ಹೊರಗೆ ಓಡಾಡುವ ಹುಳುವಿಗೆ ಘಾಟು ತಾಗುತ್ತದೆ, ಕಾಳಿನೊಳಗೆ ಅಡಗಿರುವ ಮರಿಹುಳುವಿಗೆ ಅಷ್ಟಾಗಿ ತಟ್ಟುವುದಿಲ್ಲ. ಹೊಲದಿಂದಲೇ ಹುಳು ಹತ್ತಿಸಿಕೊಂಡು ಬಂದ ಕಾಳಿಗೆ ಎಲೆ ಹಾಕಿದವರು ತಿಂಗಳ ನಂತರ ‘ಉಪಯೋಗವಾಗಲಿಲ್ಲ’ ಎನ್ನುವುದು ಇದಕ್ಕೇ.

ಮೊದಲು ಕಾಳನ್ನು ಬಿಸಿಲಿಗೆ ಹಾಕಿ ತೇವ ಶೇ. 12ಕ್ಕೆ ಇಳಿಸಿ. ಹಲ್ಲಿಗೆ ಕೊಟ್ಟರೆ ಕಟಕ್ಕೆಂದು ಒಡೆಯಬೇಕು. ಜರಡಿ ಹಿಡಿದು ನುಚ್ಚು, ದೂಳು ತೆಗೆಯಿರಿ. ಹಳೆಯ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ ಬಳಸಿ. ಚೀಲದ ಹೊಲಿಗೆಯಲ್ಲಿ ಉಳಿದ ಹುಳುವೇ ಹೊಸ ಕಾಳಿಗೆ ಹತ್ತುವುದು. ಕಾಳು ಪೂರ್ತಿ ತಣ್ಣಗಾದ ಮೇಲೆ ಕ್ವಿಂಟಲ್‌ಗೆ 2ರಿಂದ 3 ಕೆಜಿ ಒಣ ಎಲೆಯಂತೆ, ಒಂದು ಪದರ ಎಲೆ, ಒಂದು ಪದರ ಕಾಳು ಹಾಕುತ್ತಾ ಬನ್ನಿ. ಮೇಲಿನ ಪದರ ಎಲೆಯದೇ ಇರಲಿ. ಬಾಯಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಘಾಟು ಇಳಿದಿದ್ದರೆ ಎಲೆ ಬದಲಿಸಿ. ಅರೆಹಸಿ ಎಲೆ ಹಾಕಿದರೆ ಬೂಷ್ಟು ಹಿಡಿದು ಕಾಳೇ ಕೆಡುತ್ತದೆ. ಬೀಸುವ ಮೊದಲು ಕೇರಿ, ಒಂದು ದಿನ ಗಾಳಿಗೆ ಹರವಿ. ವ್ಯಾಪಾರದ ಲೋಡಿಗೆ ಇದು ಆಗುವ ಕೆಲಸವಲ್ಲ. ಒಂದೆರಡು ಚೀಲಕ್ಕೆ ಮಾತ್ರ ಸರಿ.

ಒಂದೂವರೆ ವರ್ಷದ ಮೊಮ್ಮಗುವಿಗೆ ಕಫ. ಎಲೆಯ ರಸ ಎರಡು ಹನಿ ಜೇನಿನಲ್ಲಿ ಕೊಡಬಹುದೇ? (ಹೊಸದುರ್ಗ)

ಬೇಡ ತಾಯಿ, ಒಂದು ಹನಿಯೂ ಬೇಡ. ಮನೆಯಂಗಳದ ಕೃಷ್ಣ ತುಳಸಿಯ ಲೆಕ್ಕದಲ್ಲಿ ಇದನ್ನು ನೋಡಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ವಿಷ. ಒಂದು ಗ್ರಾಂನಷ್ಟು ಕರ್ಪೂರ ಎಳೆಮಗುವಿನ ಪ್ರಾಣಕ್ಕೇ ಅಪಾಯ, ನುಂಗಿದ ಸ್ವಲ್ಪ ಹೊತ್ತಿಗೇ ಫಿಟ್ಸ್ ಬರಬಹುದು. ಎರಡು ವರ್ಷದೊಳಗಿನ ಮಗುವಿನ ಎದೆಗೆ, ಮೂಗಿಗೆ ಇದರ ಎಣ್ಣೆ ಸವರುವುದೂ ಬೇಡ. ಪೂಜೆಯ ಕರ್ಪೂರದ ಬಿಲ್ಲೆಯನ್ನು ಪುಡಿ ಮಾಡಿ ಹಚ್ಚುವ ರೂಢಿಗೂ ಇದೇ ಮಾತು. ಮಗು ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ನಿಮ್ಮ ಮೊಮ್ಮಗುವಿನ ಕಫಕ್ಕೆ ಮಕ್ಕಳ ವೈದ್ಯರ ಬಳಿ ಹೋಗಿ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ನಾಳೆಗೆ ಮುಂದೂಡಬೇಡಿ.

ದೊಡ್ಡವರ ನೆಗಡಿಗೆ ಆವಿ ತೆಗೆದುಕೊಳ್ಳಬಹುದು: ಒಂದು ಲೀಟರ್ ನೀರು ಕುದಿಸಿ ಒಲೆಯಿಂದ ಇಳಿಸಿ, ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಹತ್ತು-ಹನ್ನೆರಡು ಹಸಿ ಎಲೆ ಹಿಸುಕಿ ಹಾಕಿ, ಕಣ್ಣು ಮುಚ್ಚಿ ಐದು ನಿಮಿಷ. ಮೂಗು ಬಿಟ್ಟಂತಾಗಿ ಆರಾಮ ಎನಿಸುತ್ತದೆ, ಸೋಂಕು ಅದರಿಂದ ವಾಸಿಯಾಗುವುದಿಲ್ಲ. ಆಸ್ತಮಾ ಇರುವವರು, ಫಿಟ್ಸ್ ಇರುವವರು, ಗರ್ಭಿಣಿಯರು ಇದರಿಂದ ದೂರವಿರಲಿ.

ಮಂಡಿನೋವಿಗೆ ಎಣ್ಣೆ ಮಾಡುವುದು ಹೇಗೆ? ಸೊಳ್ಳೆಗೂ ಆಗುತ್ತದೆಯೇ? (ಚನ್ನಗಿರಿ)

50 ಗ್ರಾಂ ಒಣ ಎಲೆ, ಕಾಲು ಲೀಟರ್ ಕೊಬ್ಬರಿ ಎಣ್ಣೆ. ಎಣ್ಣೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ. ನೇರ ಬೆಂಕಿಗಿಟ್ಟರೆ ಕರ್ಪೂರ ಹಾರಿ ಅಡುಗೆಮನೆ ಘಮಘಮ ಎನ್ನುತ್ತದೆ, ಎಣ್ಣೆಯಲ್ಲಿ ಏನೂ ಉಳಿಯುವುದಿಲ್ಲ. ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ. ಹಸಿ ಎಲೆ ಹಾಕಿದರೆ ನೀರಿನಂಶ ಉಳಿದು ಎಣ್ಣೆ ಬೇಗ ಕಮಟುತ್ತದೆ. ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಗಾಯದ ಮೇಲೆ ಬೇಡ, ಬಾಟಲಿ ಮಕ್ಕಳ ಕೈಗೆ ಸಿಗಬಾರದು.

ಸೊಳ್ಳೆಗೆ ಸಂಜೆ ಬಾಗಿಲಲ್ಲಿ ಒಣ ಎಲೆಯ ಹೊಗೆ ಹಾಕಿದರೆ ಸ್ವಲ್ಪ ಹೊತ್ತು ಕಡಿಮೆಯಾಗುತ್ತವೆ. ಸೊಳ್ಳೆಪರದೆಗೆ ಅದು ಬದಲಿಯಲ್ಲ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ತೊಟ್ಟಿಯ ನೀರು ಚೆಲ್ಲುವುದೇ ಮುಖ್ಯ.

ಎರಡು ಎಕರೆ ಹಾಕಿ ಎಣ್ಣೆ ತೆಗೆಯುವ ಯೋಚನೆ ಇದೆ. (ಮೊಳಕಾಲ್ಮೂರು)

ಕೊಳ್ಳುವವರು ಯಾರು ಎಂದು ಬರಹದಲ್ಲಿ ಗೊತ್ತಾಗುವವರೆಗೆ ಐದು ಗುಂಟೆ ದಾಟಬೇಡಿ. ಪೇಟೆಯ ಕರ್ಪೂರ ಹೆಚ್ಚಾಗಿ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುವುದು. ಆ ಬೆಲೆಗೆ ನೀವು ಪೈಪೋಟಿ ಕೊಡಲಾರಿರಿ. ಕೀನ್ಯಾದ ಕಾಕಮೇಗ ಕಾಡಿನ ಅಂಚಿನ ರೈತರ ಗುಂಪು ಇದೇ ಗಿಡ ಬೆಳೆದು ಗಿಟ್ಟಿಸಿಕೊಂಡಿದ್ದು ಬರೀ ಎಣ್ಣೆ ಮಾರಿ ಅಲ್ಲ, ನೋವಿನ ಬಾಮ್ ಮಾಡಿ. ಇಲ್ಲಿ ಬಾಮ್ ಮಾರಲು ಲೈಸೆನ್ಸ್ ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಭಟ್ಟಿ ಇಳಿಸುವವರಿಗೆ ಒಂದು ಎಚ್ಚರಿಕೆ. ನಿಂಬೆಹುಲ್ಲಿನ ಎಣ್ಣೆಯಂತೆ ಇದು ಸರಾಗವಾಗಿ ಹರಿಯುವುದಿಲ್ಲ. ಆವಿ ತಣಿಯುವ ಕೊಳವೆಯಲ್ಲೇ ಕರ್ಪೂರ ಬಿಳಿ ಹರಳಾಗಿ ಕಟ್ಟುತ್ತದೆ. ಕೊಳವೆ ಮುಚ್ಚಿದರೆ ಪಾತ್ರೆಯೊಳಗೆ ಒತ್ತಡ ಏರಿ ಸಿಡಿಯುವ ಅಪಾಯವಿದೆ. ಅಗಲ ಕೊಳವೆ ಬಳಸಿ, ತಣಿಸುವ ನೀರು ತೀರಾ ತಣ್ಣಗಿರದೆ ಉಗುರುಬೆಚ್ಚಗಿರಲಿ, ತೊಟ್ಟಿಕ್ಕುವುದು ನಿಂತ ಕೂಡಲೇ ಉರಿ ತೆಗೆಯಿರಿ.

ಬದುವಿನ ಮೇಲೆ ಹಾಕಿದರೆ ಕುರಿ ಮೇಯುತ್ತವೆಯೇ? (ಚಳ್ಳಕೆರೆ)

ಬಲಿತ ಗಿಡದ ಘಾಟಿಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಹಸಿದ ಮಂದೆ ಬಂದರೆ ಎಳೆ ಸಸಿ ಉಳಿಯುವುದು ಕಷ್ಟ. ಮೊದಲ ಮೂರು ತಿಂಗಳು ಜಾಲಿಮುಳ್ಳು ಕಟ್ಟಿ. ಹೊರಗಿನಿಂದ ಬಂದ ಗಿಡವಾದ್ದರಿಂದ ಹಳ್ಳದ ದಂಡೆಯ ಬದುವಿಗೆ ಹಾಕಬೇಡಿ. ಬೇರೆ ಬದುವಿನಲ್ಲೂ ತೆನೆ ಒಣಗಿ ಬೀಜ ಉದುರುವ ಮೊದಲೇ ಸವರಿಬಿಡಿ.