ಕಂಪನಿಯವರು ಅಮ್ಮನ ಹಿಂದೆ ಯಾಕೆ ಬಿದ್ದರು?

ಪ್ರಶ್ನೆ: ಚಿಕ್ಕಂದಿನಿಂದ ಗೇಮ್ ಆಡುತ್ತಾ ಬಂದವನು ನಾನು. ಕೆಲವು ಗೇಮ್‌ಗಳಿಗೆ ನೂರು ಗಂಟೆ ಸುರಿದಿದ್ದೇನೆ. ಆದರೆ ಕನ್ಸೋಲ್ (ಟಿವಿಗೆ ಸಿಕ್ಕಿಸುವ ಗೇಮ್ ಯಂತ್ರ) ಮಾಡುವವರಿಗೆ ನಮಗಿಂತ ಭಾನುವಾರ ಹತ್ತು ನಿಮಿಷ ಆಡಿ ಎದ್ದು ಹೋಗುವವರ ಮೇಲೇ ಪ್ರೀತಿ ಜಾಸ್ತಿ. ಜಪಾನಿನ ನಿಂಟೆಂಡೊ ಕಂಪನಿಯ ವೀ ಕನ್ಸೋಲಿನ ಕಾಲದಲ್ಲಿ ಅಂಟಿದ ರೋಗ ಇದು. ನಿಷ್ಠೆಗೆ ಬೆಲೆಯೇ ಇಲ್ವಾ ಸಾರ್?

ಉತ್ತರ: ನಿಮ್ಮ ಸಿಟ್ಟು ನನಗೆ ಹೊಸದಲ್ಲ. 2008ರಲ್ಲಿ ನಾನೂ ಹೀಗೇ ಉರಿದುಕೊಂಡಿದ್ದೆ. ಆ ವರ್ಷದ ಇ3 ಅನ್ನುವ ಗೇಮ್ ಮೇಳದಲ್ಲಿ ನಿಂಟೆಂಡೊದವರು ಹೊಸ ಜೆಲ್ಡಾ ಸಾಹಸ ಗೇಮ್ ತೋರಿಸುತ್ತಾರೆ ಅಂತ ಕಾದರೆ, ಅವರು ತೋರಿಸಿದ್ದು ವೀ ಮ್ಯೂಸಿಕ್. ಮಾರಿಯೊನನ್ನು ಹುಟ್ಟಿಸಿದ ಮಿಯಾಮೊಟೊ ವೇದಿಕೆ ಮೇಲೆ ರಿಮೋಟ್ ಹಿಡಿದು ಇಲ್ಲದ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ನಾನು ಹಣೆ ಚಚ್ಚಿಕೊಂಡೆ.

ಅದೇ ವರ್ಷ ನಮ್ಮ ಮನೆಯಲ್ಲಿ ಇನ್ನೊಂದು ನಡೆಯಿತು. ನನ್ನ ಅಮ್ಮ ಅದುವರೆಗೆ ಯಾವ ಕಂಟ್ರೋಲರನ್ನೂ ಮುಟ್ಟಿದವರಲ್ಲ. ಎರಡು ಕಡ್ಡಿ, ಹತ್ತಾರು ಬಟನ್ ನೋಡಿದರೆ ಸಾಕು, ‘ನಂಗೆ ಬೇಡಪ್ಪ’ ಅಂತಿದ್ದರು. ವೀ ರಿಮೋಟ್ ಮಾತ್ರ ಟಿವಿ ರಿಮೋಟಿನ ತಂಗಿಯ ಹಾಗಿತ್ತು. ಯಾರೂ ಹೇಳದೆ ತಾವಾಗಿಯೇ ಕೈಗೆತ್ತಿಕೊಂಡರು. ಆಟ ವೀ ಸ್ಪೋರ್ಟ್ಸ್‌ನ ಬೌಲಿಂಗ್. ಅಡಿಯಲ್ಲಿರುವ ಬಿ ಬಟನ್ ಒತ್ತಿ ಹಿಡಿದು, ಕೈ ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸುವಾಗ ಬಟನ್ ಬಿಡಬೇಕು. ಅಮ್ಮ ಹಿಂದಕ್ಕೆ ಒಯ್ದಾಗಲೇ ಬಿಟ್ಟರು. ಚೆಂಡು ಬೆನ್ನ ಹಿಂದೆ ಹಾರಿತು. ಪರದೆಯೊಳಗೆ ನಿಂತಿದ್ದ ಜನ ಬೆಚ್ಚಿ ಎಗರಿದರು. ಅಮ್ಮ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟರು. ನಾಲ್ಕನೇ ದಿನ ನನ್ನನ್ನು ಸೋಲಿಸಿದರು. (ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.)

ಈಗ ಕಂಪನಿಯವರ ಜಾಗದಲ್ಲಿ ಕೂತು ನೋಡಿ. ವೀಗೆ ಮುಂಚಿನ ಗೇಮ್‌ಕ್ಯೂಬ್ ಮಾರಾಟ 2 ಕೋಟಿ ಚಿಲ್ಲರೆ ಯಂತ್ರಗಳಿಗೆ ನಿಂತುಹೋಯಿತು. ಅದೇ ಕಾಲದ, ಸೋನಿಯವರ ಪ್ಲೇಸ್ಟೇಷನ್ 2 ಮುಂದೆ 15 ಕೋಟಿ ದಾಟಿತು. ನಿಮ್ಮನ್ನೂ ನನ್ನನ್ನೂ ಗೆಲ್ಲಬೇಕೆಂದರೆ ಸೋನಿ, ಮೈಕ್ರೋಸಾಫ್ಟ್ ಜೊತೆ ಚಿಪ್ಪಿಗೆ ಚಿಪ್ಪು ಕಾದಾಡಬೇಕು. ಅಷ್ಟು ದುಡ್ಡು ಸುರಿಯುವ ಆಟ ಬೇಡ ಅಂದುಕೊಂಡ ನಿಂಟೆಂಡೊದ ಅಂದಿನ ಅಧ್ಯಕ್ಷ ಸತೋರು ಇವಾಟ, ಗೇಮ್ ಆಡದವರನ್ನೇ ಕರೆಯಲು ಹೊರಟರು. 2006ರ ಕೊನೆಗೆ ವೀ ಬಂತು. ಒಳಗಿದ್ದದ್ದು ಗೇಮ್‌ಕ್ಯೂಬ್ ಚಿಪ್ಪಿನ ಮುಂದುವರಿದ ರೂಪ, ಅಷ್ಟೇ. ಎಚ್‌ಡಿ ಕೂಡ ಇಲ್ಲ. ಆದರೆ ಅಮೆರಿಕದಲ್ಲಿ ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಬೆಲೆ ಇದರ ಎರಡರಷ್ಟಿತ್ತು. ವೀ 10 ಕೋಟಿಗೂ ಜಾಸ್ತಿ ಮಾರಿತು.

ಇನ್ನೊಂದು ಮಾತು. ಈ ರೋಗ ವೀ ಕಾಲದ್ದಲ್ಲ. 1989ರಲ್ಲಿ ಅಮೆರಿಕದಲ್ಲಿ ನಿಂಟೆಂಡೊದವರು ಕೈಯಲ್ಲೇ ಹಿಡಿದು ಆಡುವ ಗೇಮ್ ಬಾಯ್ ಡಬ್ಬಿಯೊಳಗೆ ಇಟ್ಟುಕೊಟ್ಟದ್ದು ಮಾರಿಯೊನನ್ನಲ್ಲ, ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸನ್ನು. ಅದು ಯಾರಿಗಾಗಿ ಅಂದುಕೊಂಡಿರಿ?

ಹಾಗಂತ ನಿಮ್ಮ ದೂರು ಸುಳ್ಳಲ್ಲ. ನಮಗೆ ಏನೂ ಕೊಡಲಿಲ್ಲ ಅನ್ನುವಂತಿಲ್ಲ, 2007ರಲ್ಲೇ ಸೂಪರ್ ಮಾರಿಯೊ ಗ್ಯಾಲಕ್ಸಿ ಬಂತು. ಆದರೆ ಯಂತ್ರ ಬಡಕಲು. ಗ್ರ್ಯಾಂಡ್ ಥೆಫ್ಟ್ ಆಟೋ 4ರಂಥ ದೊಡ್ಡ ಗೇಮ್‌ಗಳು ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ಕ್ಕೆ ಬಂದವು, ವೀ ಮನೆಗೆ ಕಾಲಿಡಲಿಲ್ಲ. ಆಮೇಲೆ ಉಳಿದವರಿಗೂ ಆಸೆ ಹುಟ್ಟಿತು. 2010ರಲ್ಲಿ ಸೋನಿ ಕೈ ಬೀಸಿ ಆಡುವ ಮೂವ್ ತಂದಿತು, ಮೈಕ್ರೋಸಾಫ್ಟ್ ಮೈ ಅಲುಗಿದ್ದನ್ನು ಗುರುತಿಸುವ ಕ್ಯಾಮೆರಾ ಕಿನೆಕ್ಟ್ ತಂದಿತು. 2013ರ ಎಕ್ಸ್‌ಬಾಕ್ಸ್ ಒನ್ ಜೊತೆಗಂತೂ ಬೇಕೋ ಬೇಡವೋ ಕಿನೆಕ್ಟ್ ಕೊಳ್ಳಲೇಬೇಕಿತ್ತು. ಅದಕ್ಕೂ ಸೇರಿಸಿ ದುಡ್ಡು ತೆತ್ತವರು ನಾವು. ಮುಂದಿನ ವರ್ಷವೇ ಅದನ್ನು ಬಿಟ್ಟು ಕಡಿಮೆ ಬೆಲೆಗೆ ಮಾರಬೇಕಾಯಿತು. ಇಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಹೊಸಬರನ್ನು ಕರೆದದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಕರೆದು ಕೂರಿಸಿದ ಮೇಲೆ ಎರಡನೇ ಸಲ ಬಡಿಸಲು ಏನೂ ಇರಲಿಲ್ಲ, ತಪ್ಪಿದ್ದು ಅಲ್ಲಿ. ನಮ್ಮ ಅಮ್ಮ ಡಬ್ಬಿಯಲ್ಲಿ ಬಂದ ಗೇಮ್ ಬಿಟ್ಟು ಇನ್ನೊಂದು ಕೊಳ್ಳಲಿಲ್ಲ. ನೀವು ವರ್ಷಕ್ಕೆ ಐದಾರು ಕೊಳ್ಳುತ್ತೀರಿ, ಅಲ್ವಾ? ಅಷ್ಟರಲ್ಲಿ ಮೊಬೈಲ್ ಬಂತು. ಹತ್ತು ನಿಮಿಷದ ಆಟಕ್ಕೆ ಟಿವಿ ಮುಂದೆ ಯಾಕೆ ಕೂರಬೇಕು? 2012ರಲ್ಲಿ ವೀ ಯು ಬಂದಾಗ ಅಮ್ಮನಿಗೆ ಅದು ಹೊಸ ಕನ್ಸೋಲ್ ಅಂತಲೇ ಗೊತ್ತಾಗಲಿಲ್ಲ. ‘ಇದೆಯಲ್ಲೋ ನಮ್ಮನೇಲಿ’ ಅಂದರು. ಅದು ಮಾರಿದ್ದು 1 ಕೋಟಿ 36 ಲಕ್ಷದಷ್ಟು. ಆ ಬಡಪಾಯಿಯನ್ನು ಕೊಂಡವರು ಬಹುಪಾಲು ನಿಮ್ಮಂಥ ನಿಷ್ಠರೇ ಇರಬೇಕು. 2017ರಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್ ಬಿಡುಗಡೆಯಾದ ದಿನ ಪಕ್ಕದಲ್ಲಿ ಜೆಲ್ಡಾ ಇತ್ತು ಅನ್ನುವುದನ್ನು ಮರೆಯಬೇಡಿ. ಮೊದಲು ನಮ್ಮನ್ನು ಕೂರಿಸಿದರು, ಯಾರು ಬೇಕಾದರೂ ಆಡಬಲ್ಲ ಅನಿಮಲ್ ಕ್ರಾಸಿಂಗ್ ಗೇಮ್ ಹಿಡಿದು ಮನೆಮಂದಿಯನ್ನೆಲ್ಲ ಕರೆದದ್ದು 2020ರಲ್ಲಿ.

ಅಮ್ಮನ ಕಥೆ ಏನಾಯಿತು ಅಂತೀರಾ? ಒಂದು ದಿನ ಗೋಡೆ ಗಡಿಯಾರ ನಿಂತಿತು. ವೀ ರಿಮೋಟಿನ ಬೆನ್ನು ಬಿಚ್ಚಿ, ಎರಡು ಬ್ಯಾಟರಿಯಲ್ಲಿ ಒಂದನ್ನು ತೆಗೆದು ಅದಕ್ಕೆ ಹಾಕಿದರು. ಗಡಿಯಾರ ಓಡಿತು. ರಿಮೋಟನ್ನು ಮತ್ತೆ ಯಾರೂ ಕೇಳಲಿಲ್ಲ.

ಪ್ರಶ್ನೆ: ಟಿವಿ ಹತ್ತಿರ ಇಡುವ ವೀಯ ಸೆನ್ಸರ್ ಬಾರ್ ಪಟ್ಟಿ ಕೆಟ್ಟರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದಂತೆ. ಸುಮ್ನೆ ಹೇಳ್ತಾರಾ?

ಉತ್ತರ: ನಿಜ. ಹೆಸರು ಸೆನ್ಸರ್ ಬಾರ್ ಆದರೂ ಅದು ಏನನ್ನೂ ನೋಡುವುದಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೇ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ. ಮೇಣದಬತ್ತಿಯಿಂದಲೂ ಅದೇ ಕಿರಣ ಬರುತ್ತದೆ. ಪರದೆ ಬಟ್ಟೆಗೆ ಬೆಂಕಿ ಹತ್ತಿದರೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ನನ್ನ ಹೆಂಡತಿ ಮೊಬೈಲ್‌ನಲ್ಲಿ ಕ್ಯಾಂಡಿ ಕ್ರಶ್ ಬಿಟ್ಟು ಬೇರೇನೂ ಆಡುವುದಿಲ್ಲ. ಆದರೂ ತಾನು ಗೇಮರ್ ಅಂತಾಳೆ. ಒಪ್ಪಬಹುದಾ?

ಉತ್ತರ: ಎಷ್ಟನೇ ಲೆವೆಲ್ಲಿನಲ್ಲಿದ್ದಾರೆ ಕೇಳಿ ಬನ್ನಿ. ಆಮೇಲೆ ಮಾತಾಡೋಣ.