ನೋವು ನಿಂತ ಮೇಲೆ ತೆಗೆದ ಇ.ಸಿ.ಜಿ.ಯನ್ನು ನಂಬಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಬದಿಯಡ್ಕದ ಹತ್ತಿರ ತೋಟ ನೋಡಿಕೊಂಡಿರುವ, 58 ವರ್ಷದ ನಿಮ್ಮ ತಂದೆಯವರಿಗೆ ಬೆಳಗ್ಗೆ ಅಡಿಕೆ ಗೋಣಿ ಎತ್ತುವಾಗ ಎದೆ ಬಿಗಿಹಿಡಿದಂತಾಗಿ ಬೆವರು ಬಂದಿತ್ತು. ಸ್ವಲ್ಪ ಹೊತ್ತು ಕುಳಿತ ಮೇಲೆ ನೋವು ಪೂರ್ತಿ ಹೋಯಿತು. ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯ ಮೇಲ್ಭಾಗದಲ್ಲಿ ಯಂತ್ರವೇ ‘ನಾರ್ಮಲ್ ಸೈನಸ್ ರಿದಮ್ (ಸಹಜ ಲಯ), ಟಿ ಅಲೆಯಲ್ಲಿ ಅನಿರ್ದಿಷ್ಟ ಬದಲಾವಣೆ’ ಎಂಬರ್ಥದ ಸಾಲು ಮುದ್ರಿಸಿತ್ತು, ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆಯೂ ನೆಗೆಟಿವ್ ಬಂತು. ಆದರೂ ಡ್ಯೂಟಿಯಲ್ಲಿದ್ದ ವೈದ್ಯರು ಎದೆಯ ಎದುರಿನಿಂದ ಹೃದಯವನ್ನು ನೋಡುವ ವಿ-2 ಮತ್ತು ವಿ-3 ಎಂಬ ಲೀಡ್‌ಗಳ (ಇ.ಸಿ.ಜಿ.ಯ ದಾಖಲೆಗಳ) ಸುತ್ತ ಪೆನ್ನಿನಿಂದ ಗುರುತು ಹಾಕಿ, ಕೂಡಲೇ ಮಂಗಳೂರಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಬೇಕೆಂದರು. ತಂದೆಯವರು ಒಪ್ಪದೆ ಸಹಿ ಹಾಕಿ ಮನೆಗೆ ಬಂದಿದ್ದಾರೆ. ವೈದ್ಯರು ಸುಮ್ಮನೆ ಹೆದರಿಸಿದರೇ, ಮೊದಲು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರೆ ಸಾಲದೇ ಎಂದು ನೀವು ಆ ಇ.ಸಿ.ಜಿ.ಯ ಚಿತ್ರ ಲಗತ್ತಿಸಿ ಕೇಳಿದ್ದೀರಿ.

ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಡಿ. ಇಂದೇ ಹೃದ್ರೋಗ ತಜ್ಞರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಹೃದ್ರೋಗ ತಜ್ಞನಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಸಣ್ಣ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಛಾಯಾಚಿತ್ರ ನೋಡಿ ರೋಗ ನಿರ್ಣಯಿಸುವುದು ಸರಿಯೂ ಅಲ್ಲ. ಆದರೆ ನಿಮ್ಮ ತಂದೆಯವರನ್ನು ನೋಡಿದ ವೈದ್ಯರು ಯಾವುದನ್ನು ಕಂಡು ಗುರುತು ಹಾಕಿದರೆಂಬುದು ನೀವು ಲಗತ್ತಿಸಿದ ಚಿತ್ರದಿಂದ ನನಗೆ ಸ್ಪಷ್ಟವಾಗಿದೆ, ಮತ್ತು ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ವಿ-3ರಲ್ಲಿ ಟಿ ಅಲೆಯನ್ನು, ಅಂದರೆ ಪ್ರತಿ ಬಡಿತದ ಕೊನೆಯಲ್ಲಿ ಬರುವ ದುಂಡನೆಯ ಅಲೆಯನ್ನು ನೋಡಿ. ಅದು ಮೊದಲು ಸ್ವಲ್ಪ ಮೇಲೇರಿ, ಅನಂತರ ಮೂಲರೇಖೆಯನ್ನು ದಾಟಿ ಕಡಿದಾಗಿ ಕೆಳಗಿಳಿದಿದೆ. ಅದರ ಹಿಂದಿನ ಎಸ್‌ಟಿ ಎಂಬ ಭಾಗ ಹೆಚ್ಚುಕಡಿಮೆ ಮೂಲರೇಖೆಯಲ್ಲೇ ಇದೆ, ಬಡಿತದ ಚೂಪು ಶಿಖರವಾದ ಆರ್ ಅಲೆಯ ಎತ್ತರ ಕುಗ್ಗಿಲ್ಲ, ಸ್ನಾಯು ಸತ್ತಾಗ ಮೂಡುವ ಹೊಸ ಕ್ಯೂ ಅಲೆಯೂ ಕಾಣುವುದಿಲ್ಲ. ಎದೆನೋವು ಬಂದು ಹೋದ ವ್ಯಕ್ತಿಯಲ್ಲಿ, ನೋವಿಲ್ಲದ ಹೊತ್ತಿನಲ್ಲಿ ಕಾಣುವ ಈ ಆಕೃತಿಗೆ ವೆಲೆನ್ಸ್ ಲಕ್ಷಣ ಎನ್ನುತ್ತಾರೆ. ನೆದರ್‌ಲ್ಯಾಂಡ್ಸ್‌ನ ಹೃದ್ರೋಗ ತಜ್ಞ ಹೈನ್ ವೆಲೆನ್ಸ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಇದನ್ನು ವಿವರಿಸಿದರು. ಅಸ್ಥಿರ ಎದೆನೋವಿಗೆ ದಾಖಲಾದ 145 ರೋಗಿಗಳಲ್ಲಿ 26 ಮಂದಿಗೆ ಈ ಆಕೃತಿ ಇತ್ತು. ಅವರ ಪೈಕಿ ಶಸ್ತ್ರಚಿಕಿತ್ಸೆಯಾಗದೆ ಉಳಿದ 16 ಮಂದಿಯಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ಹೃದಯದ ಮುಂಭಾಗದ ದೊಡ್ಡ ಆಘಾತವಾಯಿತು. ಅಂದಿಗಿಂತ ಇಂದಿನ ಔಷಧಿಗಳು ಎಷ್ಟೋ ಉತ್ತಮ. ಆದರೆ ಈ ಆಕೃತಿಯನ್ನು ಕಂಡ ವೈದ್ಯರು ರೋಗಿಯನ್ನು ಮನೆಗೆ ಬಿಡಲು ಹಿಂಜರಿಯುವುದಕ್ಕೆ ಕಾರಣ ಈ ಲೆಕ್ಕವೇ.

ಒಳಗೆ ನಡೆದಿರುವುದನ್ನು ಹೀಗೆ ಊಹಿಸಬಹುದು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ, ಎಲ್.ಎ.ಡಿ. ಎಂದು ಕರೆಯಲಾಗುವ ಧಮನಿಯ ಮೇಲ್ಭಾಗದಲ್ಲಿ ತೀವ್ರವಾದ ಕಿರಿದಾಗುವಿಕೆ ಇದೆ; ಬೆಳಗ್ಗೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ನೋವು ಬಂತು; ಹೆಪ್ಪು ತಾನಾಗಿ ಸ್ವಲ್ಪ ಕರಗಿ ಹರಿವು ಮರಳಿದಾಗ ನೋವು ಹೋಯಿತು. ಕೆಳಮುಖವಾದ ಆ ಟಿ ಅಲೆಯು ಹಾಗೆ ಮರಳಿದ ಹರಿವಿನ ಗುರುತು. ಸ್ನಾಯು ಹೆಚ್ಚು ಸತ್ತಿಲ್ಲವಾದ್ದರಿಂದ ಟ್ರೋಪೋನಿನ್ ಏರದೇ ಇರಬಹುದು, ಅಥವಾ ಬೇಗನೆ ಪರೀಕ್ಷಿಸಿದ್ದರಿಂದ ಇನ್ನೂ ಏರಿರದೇ ಇರಬಹುದು. ಇಂತಹ ಧಮನಿಯಿರುವ ಮನುಷ್ಯನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಪರೀಕ್ಷೆಯ ನಡುವೆಯೇ ಅದು ಮುಚ್ಚಿಕೊಳ್ಳುವ ಅಪಾಯವಿದೆ. ಇನ್ನೊಂದು ವಿಷಯವನ್ನು ನೀವು ತಿಳಿದಿರಲೇಬೇಕು: ಧಮನಿ ಮತ್ತೆ ಮುಚ್ಚಿದಾಗ ಕೆಳಗಿಳಿದಿದ್ದ ಟಿ ಅಲೆ ಮೊದಲು ನೆಟ್ಟಗಾಗುತ್ತದೆ. ಆ ಹೊತ್ತಿನಲ್ಲಿ ತೆಗೆದ ಇ.ಸಿ.ಜಿ. ಹಿಂದಿನದಕ್ಕಿಂತ ಚೆನ್ನಾಗಿರುವಂತೆ ಕಾಣಬಹುದು. ನೋವು ಮರಳಿರುವಾಗ ಇ.ಸಿ.ಜಿ. ಸುಧಾರಿಸಿದಂತೆ ಕಂಡರೆ ಅದನ್ನು ನೋಡಿ ಸಮಾಧಾನಪಡುವಂತಿಲ್ಲ.

ಯಂತ್ರ ಮುದ್ರಿಸಿದ ಸಾಲಿನ ಬಗ್ಗೆಯೂ ಹೇಳಬೇಕು, ಏಕೆಂದರೆ ತಂದೆಯವರು ಹಿಡಿದುಕೊಂಡಿರುವುದು ಅದನ್ನೇ. ನಾಡಿಬಡಿತದ ಎಣಿಕೆ, ಅಲೆಗಳ ನಡುವಿನ ಅಂತರ, ಅಗಲ ಇವನ್ನೆಲ್ಲ ಯಂತ್ರ ಚೆನ್ನಾಗಿಯೇ ಅಳೆಯುತ್ತದೆ. ಆದರೆ ರೋಗಿ ಗೋಣಿ ಎತ್ತುವಾಗ ಬೆವರಿದನೆಂಬುದು ಅದಕ್ಕೆ ಗೊತ್ತಿಲ್ಲ. ಕಳೆದ ವರ್ಷದ ಇ.ಸಿ.ಜಿ. ಹೇಗಿತ್ತೆಂಬುದೂ ಗೊತ್ತಿಲ್ಲ. ಹೃದಯದ ಸ್ನಾಯು ದಪ್ಪವಾದವರಲ್ಲಿ, ಶ್ವಾಸಕೋಶದ ಧಮನಿಯಲ್ಲಿ ಹೆಪ್ಪು ಸಿಲುಕಿದವರಲ್ಲಿ, ಮೆದುಳಿನ ರಕ್ತಸ್ರಾವವಾದವರಲ್ಲಿ ಕೂಡ ಟಿ ಅಲೆ ತಲೆಕೆಳಗಾಗುತ್ತದೆ. ಇವುಗಳಲ್ಲಿ ಯಾವುದು ಎಂಬುದು ಕಾಗದದಿಂದ ಮಾತ್ರವೇ ತೀರ್ಮಾನವಾಗುವುದಿಲ್ಲ. ರೋಗಿಯ ಮಾತು, ನೋವಿನ ಸಮಯ, ಹಳೆಯ ಇ.ಸಿ.ಜಿ., ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆದ ಇನ್ನೊಂದು ಇ.ಸಿ.ಜಿ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಅಸಾಮಾನ್ಯ ಆಕೃತಿಗೆ ಅರ್ಥ ಬರುತ್ತದೆ. ನನ್ನ ಉತ್ತರದಲ್ಲಿ ಒಂದೇ ಒಂದು ವಿಷಯವನ್ನು ತಂದೆಯವರಿಗೆ ಓದಿಹೇಳುವುದಾದರೆ ಇದನ್ನು ಹೇಳಿ.

ಹಿಂದೊಂದು ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸದವರೊಬ್ಬರು ಎದೆ ಒತ್ತಿದಂತಾಗುತ್ತದೆ ಎಂದು ನೇರ ತೋಟದಿಂದ ಬಂದಿದ್ದರು. ಮುಂಗೈಗಳ ಮೇಲೆ ಮೈಲುತುತ್ತಿನ ನೀಲಿ ಕಲೆ ಇನ್ನೂ ಹಸಿಯಾಗಿತ್ತು. ಹನ್ನೆರಡು ಲೀಡ್‌ಗಳಲ್ಲಿ ಎಲ್ಲಿಯೂ ಎಸ್‌ಟಿ ಏರಿರಲಿಲ್ಲ. ವಿ-1ರಿಂದ ವಿ-3ರವರೆಗೆ ಕೆಳಗಿಳಿದಿತ್ತು, ಅಲ್ಲಿ ಆರ್ ಅಲೆ ಇರಬೇಕಾದುದಕ್ಕಿಂತ ಎತ್ತರವಾಗಿತ್ತು. ಹೃದಯದ ಹಿಂಭಾಗದಲ್ಲಿ ಆಘಾತವಾದಾಗ ಎದುರಿನ ಲೀಡ್‌ಗಳಲ್ಲಿ ಹೀಗೆ ತಲೆಕೆಳಗಾದ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಬಳಸುವ ರಬ್ಬರ್ ಬಲ್ಬಿನ ಎಲೆಕ್ಟ್ರೋಡ್‌ಗಳು ಒದ್ದೆ ಬೆನ್ನಿನ ಮೇಲೆ ನಿಲ್ಲುವುದಿಲ್ಲ. ಸಿಸ್ಟರ್, ಆ ಕೆಲಸದವರ ಬೆನ್ನನ್ನು ಹತ್ತಿಬಟ್ಟೆಯಿಂದ ಉಜ್ಜಿ ಒಣಗಿಸಿ, ‘ಅಣ್ಣಾ, ಸ್ವಲ್ಪ ಮಗ್ಗುಲಾಗಿ, ಅಲುಗಬೇಡಿ’ ಎಂದು ಹೇಳಿ, ಅಂಟಿಸುವ ಎಲೆಕ್ಟ್ರೋಡ್‌ಗಳನ್ನು ವಿ-6ರ ಮಟ್ಟದಲ್ಲೇ ಕಂಕುಳ ಹಿಂಬದಿ, ಹೆಗಲೆಲುಬಿನ ತುದಿಯ ಕೆಳಗೆ ಮತ್ತು ಬೆನ್ನುಮೂಳೆಯ ಪಕ್ಕದಲ್ಲಿ ಇಟ್ಟರು. ಅಲ್ಲಿ ಎಸ್‌ಟಿ ಒಂದು ಮಿಲಿಮೀಟರಿನಷ್ಟು ಏರಿತ್ತು. ಆ ಜಾಗದಲ್ಲಿ ಅರ್ಧ ಮಿಲಿಮೀಟರ್ ಏರಿದರೂ ಆಘಾತವೆನ್ನಲು ಸಾಕು. ಮಂಗಳೂರಿನಲ್ಲಿ ನೋಡಿದಾಗ ಹೃದಯದ ಹಿಂಭಾಗಕ್ಕೆ ರಕ್ತ ಒಯ್ಯುವ ಸರ್ಕಮ್‌ಫ್ಲೆಕ್ಸ್ ಧಮನಿ ಪೂರ್ತಿ ಮುಚ್ಚಿತ್ತು. ಅವರ ಕಾಗದದ ಮೇಲೂ ಯಂತ್ರ ‘ಹಾರ್ಟ್ ಅಟ್ಯಾಕ್’ ಎಂದು ಮುದ್ರಿಸಿರಲಿಲ್ಲ.

ಎಲ್.ಎ.ಡಿ. ಪೂರ್ತಿ ಮುಚ್ಚಿದ್ದರೂ ಎಸ್‌ಟಿ ಏರದೆ, ಕೆಳಗಿಳಿದ ಎಸ್‌ಟಿ ಓರೆಯಾಗಿ ಮೇಲೇರಿ ಎತ್ತರವಾದ, ಸಮಪಾರ್ಶ್ವದ ಟಿ ಅಲೆಯಲ್ಲಿ ಸೇರುವುದೂ ಉಂಟು. ಇದನ್ನು 2008ರಲ್ಲಿ ಹೃದ್ರೋಗ ತಜ್ಞ ಡಿ ವಿಂಟರ್ ಮತ್ತು ಸಂಗಡಿಗರು ವಿವರಿಸಿದರು. ಇನ್ನು ಹೃದಯದ ಕೆಳಭಾಗದ ಆಘಾತವಾದಾಗ ಎದೆಯ ಬಲಭಾಗದಲ್ಲೂ ಎಲೆಕ್ಟ್ರೋಡ್ ಇಟ್ಟು ನೋಡಬೇಕಾಗುತ್ತದೆ. ಬಲ ಹೃತ್ಕುಕ್ಷಿಗೂ (ಹೃದಯದ ಬಲಗಡೆಯ ಕೆಳಕೋಣೆಗೂ) ಪೆಟ್ಟಾಗಿದ್ದರೆ ಎದೆನೋವಿಗೆಂದು ನಾಲಗೆಯಡಿ ಇಡುವ ಸೋರ್ಬಿಟ್ರೇಟ್ ಮಾತ್ರೆ ರಕ್ತದೊತ್ತಡವನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತದೆ. ನಮ್ಮ ಕಡೆ ಅಕ್ಕಪಕ್ಕದ ಮನೆಯವರು ಪ್ರೀತಿಯಿಂದಲೇ ತಮ್ಮ ಡಬ್ಬಿಯಿಂದ ಈ ಮಾತ್ರೆ ತೆಗೆದುಕೊಡುವುದಿದೆ. ದಯವಿಟ್ಟು ಹಾಗೆ ಕೊಡಬೇಡಿ.

ಇ.ಸಿ.ಜಿ.ಯ ವಿಚಿತ್ರ ಆಕೃತಿಗಳಿಗೆಲ್ಲ ಧಮನಿಯೇ ಕಾರಣವಲ್ಲ. ಡಯಾಲಿಸಿಸ್ ತಪ್ಪಿಸಿಕೊಂಡವರಲ್ಲಿ ಪೊಟ್ಯಾಸಿಯಂ ಏರಿದಾಗ ಟಿ ಅಲೆ ಮೊನಚಾಗಿ, ಬಡಿತದ ಮುಖ್ಯ ಅಲೆಯಾದ ಕ್ಯೂಆರ್‌ಎಸ್ ಅಗಲವಾಗುತ್ತಾ ಹೋಗುತ್ತದೆ. ಅಲ್ಲಿ ಲ್ಯಾಬ್ ವರದಿಗಾಗಿ ಕಾಯದೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಬೇಕಾಗುತ್ತದೆ. ಕೇರಳದಲ್ಲಿ ಕೆಲಸ ಮಾಡುವ ನಾವು ಇನ್ನೊಂದನ್ನು ಸದಾ ನೆನಪಿಡಬೇಕು: ನೀರಿನ ಬದಿಯಲ್ಲಿ ಬೆಳೆಯುವ, ಮಲಯಾಳದಲ್ಲಿ ಒತಳಂ ಎಂದು ಕರೆಯುವ ಮರದ ಕಾಯಿಯ ತಿರುಳು. ಅದರ ವಿಷ, ಹೃದಯದ ಔಷಧಿಯಾದ ಡಿಜಾಕ್ಸಿನ್‌ನಂತೆಯೇ ಹೃದಯದ ಕೋಶಗಳ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ಬಡಿತ ನಿಧಾನವಾಗಿ, ಮೇಲಿನ ಕೋಣೆಯ ಸಂದೇಶ ಕೆಳಗಿನ ಕೋಣೆಗೆ ತಲುಪದಂತಾಗಿ, ಪೊಟ್ಯಾಸಿಯಂ ಏರುತ್ತದೆ. ವಾಂತಿ ಎಂದು ಬಂದ ಆರೋಗ್ಯವಂತ ಯುವಕನ ಇ.ಸಿ.ಜಿ.ಯಲ್ಲಿ ಇಂತಹ ನಿಧಾನಗತಿ ಕಂಡರೆ ಮನೆಯವರನ್ನು ಬೇರೆಯಾಗಿ ಕೂರಿಸಿ, ಮೃದುವಾಗಿ, ಏನಾದರೂ ಸೇವಿಸಿರಬಹುದೇ ಎಂದು ಕೇಳುವುದು ವೈದ್ಯರ ಕರ್ತವ್ಯ.

ತಪ್ಪು ಗಾಬರಿಯೂ ಉಂಟಾಗುವುದಿದೆ. ಎರಡು ಕೈಗಳ ತಂತಿ ಅದಲುಬದಲಾದರೆ ಒಂದನೇ ಲೀಡ್ ಪೂರ್ತಿ ತಲೆಕೆಳಗಾಗುತ್ತದೆ. ಆದರೆ ಎದೆಯ ಲೀಡ್‌ಗಳು ಸರಿಯಾಗಿಯೇ ಇರುವುದರಿಂದ, ಹೃದಯ ಬಲಗಡೆಗಿರುವ ಜನ್ಮಜಾತ ಸ್ಥಿತಿಯಿಂದ ಅದನ್ನು ಬೇರ್ಪಡಿಸಬಹುದು. ಪಾರ್ಕಿನ್‌ಸನ್ ರೋಗದ ನಡುಕ ಕಾಗದದ ಮೇಲೆ ಅಪಾಯಕರ ವೇಗದ ಬಡಿತದಂತೆ ಮೂಡುತ್ತದೆ. ಅಜ್ಜನ ನಾಡಿ ಹಿಡಿದು ನೋಡಿದರೆ ಅದು ನೆಮ್ಮದಿಯಾಗಿ 76ರಲ್ಲಿ ಓಡುತ್ತಿರುತ್ತದೆ. ತೆಳ್ಳಗಿನ ತರುಣರಲ್ಲಿ ಎಸ್‌ಟಿ ಸ್ವಲ್ಪ ಏರಿರುವುದು ಸಹಜವೂ ಆಗಿರಬಹುದು. ಆದರೆ ಜ್ವರ ಬಂದಾಗ ವಿ-1, ವಿ-2ರಲ್ಲಿ ಕಮಾನಿನಂತೆ ಏರಿ ಇಳಿಯುವ, 1992ರಲ್ಲಿ ಹೃದ್ರೋಗ ತಜ್ಞರಾದ ಬ್ರುಗಾಡಾ ಸಹೋದರರು ವಿವರಿಸಿದ ಆಕೃತಿ ಕಂಡರೆ ಅದನ್ನು ಸಹಜವೆಂದು ಬಿಡುವಂತಿಲ್ಲ, ವಿಶೇಷವಾಗಿ ಕುಟುಂಬದಲ್ಲಿ ಯಾರಾದರೂ ನಿದ್ರೆಯಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ.

ಈಗ ನೀವು ಮಾಡಬೇಕಾದ ಕೆಲಸ. ಇ.ಸಿ.ಜಿ. ಕಾಗದ ಶಾಖಕ್ಕೆ ಕಪ್ಪಾಗುವಂಥದು, ಕೆಲವು ತಿಂಗಳುಗಳಲ್ಲಿ ಮಾಸುತ್ತದೆ. ಕಾಪಾಡೋಣವೆಂದು ಲ್ಯಾಮಿನೇಷನ್ ಮಾಡಿಸಿದವರು ಪೂರ್ತಿ ಕಪ್ಪಾದ ಹಾಳೆ ಹಿಡಿದುಕೊಂಡು ಬಂದದ್ದನ್ನು ನೋಡಿದ್ದೇನೆ. ಇಂದೇ ಜೆರಾಕ್ಸ್ ಮಾಡಿಸಿ. ಫೋಟೋ ತೆಗೆಯುವುದಾದರೆ ಹಾಳೆಯನ್ನು ಮೇಜಿನ ಮೇಲೆ ಸಮವಾಗಿ ಇಟ್ಟು, ನೆರಳು ಬೀಳದಂತೆ, ನೇರ ಮೇಲಿನಿಂದ, ಹನ್ನೆರಡೂ ಲೀಡ್‌ಗಳು ಮತ್ತು ಸಮಯ ಮುದ್ರಿತವಾದ ಅಂಚು ಸೇರುವಂತೆ ತೆಗೆಯಿರಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಆರಂಭಿಸಿದ ವಾಟ್ಸಾಪ್ ಬಳಗದಂತಹ ವ್ಯವಸ್ಥೆಗಳಿಂದ ಕರಾವಳಿಯ ಹಳ್ಳಿಗಳ ವೈದ್ಯರಿಗೆ ನಿಮಿಷಗಳಲ್ಲಿ ತಜ್ಞರ ಅಭಿಪ್ರಾಯ ದೊರೆಯುವಂತಾಗಿದೆ, ಆದರೆ ಅದು ಕೂಡ ಚಿತ್ರ ಸ್ಪಷ್ಟವಾಗಿದ್ದರೆ ಮಾತ್ರ. ಹಳೆಯ ಇ.ಸಿ.ಜಿ. ಮನೆಯ ಯಾವ ಕಡತದಲ್ಲಿದ್ದರೂ ಹುಡುಕಿ ಜೊತೆಗೆ ಒಯ್ಯಿರಿ.

ನೋವು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತಿತ್ತು, ತೋಳಿಗೋ ದವಡೆಗೋ ಹರಡಿತೇ, ಇ.ಸಿ.ಜಿ. ತೆಗೆಯುವಾಗ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಹಿರಿಯರು ಮಲಯಾಳ ಮಾತ್ರ ಬಲ್ಲ ಸಿಬ್ಬಂದಿಯ ಮುಂದೆ ಸಂಕೋಚದಿಂದ ‘ಗ್ಯಾಸ್’ ಎಂದಷ್ಟೇ ಹೇಳಿ ಸುಮ್ಮನಾಗುವುದನ್ನು ಪದೇ ಪದೇ ಕಾಣುತ್ತೇನೆ, ಅದು ನನಗೆ ನಿಜವಾಗಿ ಸಂಕಟವಾಗುವ ವಿಷಯ. ಆದ್ದರಿಂದ ನೀವು ಜೊತೆಗಿರಿ. ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಾರಿಯಲ್ಲಿ ಅಥವಾ ಹೊರಡುವ ಮೊದಲೇ ನೋವು ಮರಳಿದರೆ ತಂದೆಯವರನ್ನು ಬೈಕಿನಲ್ಲಿ ಕೂರಿಸಬೇಡಿ, 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಆ ನೋವಿನ ಹೊತ್ತಿನಲ್ಲೇ ಇನ್ನೊಂದು ಇ.ಸಿ.ಜಿ. ತೆಗೆಸಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಬೇಡಿ. ಅವರಿಗೆ ಸಕ್ಕರೆ ಕಾಯಿಲೆಯಾಗಲಿ, ಮೂತ್ರಪಿಂಡದ ತೊಂದರೆಯಾಗಲಿ ಇದ್ದರೆ, ಆಂಜಿಯೋಗ್ರಾಮ್‌ಗೆ ಬಳಸುವ ದ್ರಾವಣದ ಕಾರಣದಿಂದ, ಅದನ್ನೂ ಈಗ ನುಂಗುತ್ತಿರುವ ಮಾತ್ರೆಗಳ ಹೆಸರನ್ನೂ ದಾಖಲಾಗುವಾಗಲೇ ತಿಳಿಸಿ.